ನಮ್ಮ ಆ್ಯಪಿಗೊಬ್ಬ ಅಪರಿಚಿತ

ಕೈಯಲ್ಲಿ ಕಾಸಿಲ್ಲದೆ ಹೊಸ ಆ್ಯಪ್ ಮಾಡಿ ಜನರ ಫೋನಿಗೆ ಹಾಕಿಸ್ತೀನಿ ಅಂತ ಹೊರಟವರಿಗೆ ಮನರಂಜನೆಗೆ ಬೇರೆ ಖರ್ಚು ಬೇಕಾಗಲ್ಲ. ನಮಗಂತೂ ಒಂದಿಲ್ಲೊಂದು ಆಗ್ತಾನೇ ಇತ್ತು, ಈಗಲೂ ಆಗ್ತಾನೇ ಇದೆ.

ನಾನು ಜಯನಗರದವಳು. ವಿಮಾ ಕಂಪನಿಯಲ್ಲಿ ಮಾರ್ಕೆಟಿಂಗ್ ಮಾಡಿ ಮಾಡಿ ಸಾಕಾಗಿ ಕೆಲಸ ಬಿಟ್ಟೆ. ಅದೇ ಆಫೀಸಿನಲ್ಲಿ ಕಂಪ್ಯೂಟರ್ ನೋಡ್ಕೊಳ್ತಿದ್ದ ಜೆ.ಪಿ. ನಗರದ ಹುಡುಗನೂ ನನ್ನ ಹಿಂದೆಯೇ ಬಿಟ್ಟ. ಅವನೇ ನನ್ನ ಪಾರ್ಟ್ನರ್. ತಿಲಕ್ ನಗರದಲ್ಲಿ ಹಿಟ್ಟಿನ ಗಿರಣಿ ಮೇಲಿನ ರೂಮು ನಮ್ಮ ಆಫೀಸು. ಬಾಡಿಗೆ ಕಮ್ಮಿ, ಆದರೆ ಸಂಜೆ ಹೊತ್ತಿಗೆ ಇಬ್ಬರ ತಲೆ ಮೇಲೂ ರಾಗಿ ಹಿಟ್ಟು. ನಮ್ಮ ಆ್ಯಪಿನ ಹೆಸರು ‘ಪಕ್ಕದ್ಮನೆ’. ಏಣಿ, ಡ್ರಿಲ್ಲು, ದೊಡ್ಡ ಪಾತ್ರೆ ಹೀಗೆ ವರ್ಷಕ್ಕೊಂದು ಸಲ ಬೇಕಾಗೋ ಸಾಮಾನನ್ನ ದುಡ್ಡು ಕೊಟ್ಟು ತಗೊಳ್ಳೋ ಬದಲು ಆಸುಪಾಸಿನ ಮನೆಯವರಿಂದ ಎರವಲು ಪಡೆದು ವಾಪಸ್ ಕೊಡಬೇಕು, ಅಷ್ಟೇ.

ಮಂಡಿಯಲ್ಲಿ ಪರೀಕ್ಷೆ

ನಮ್ಮ ಹುಡುಗ ಒಬ್ಬಳನ್ನ ಇಷ್ಟಪಟ್ಟಿದ್ದ. ಹುಡುಗಿಗೂ ಒಪ್ಪಿಗೆ, ಹುಡುಗಿಯ ತಾಯಿಗೂ ಒಪ್ಪಿಗೆ. ಉಳಿದವರು ತಂದೆ. ಅವರು ರಾಣೆಬೆನ್ನೂರು ಕಡೆಯವರು, ಬನಶಂಕರಿಯಲ್ಲಿ ಮನೆ, ಒಣಮೆಣಸಿನಕಾಯಿ ಮಂಡಿ. ನೋಡೋಕೆ ಬರ್ರಿ ಅಂದರು ಅಂತ ಇವನು ಧೈರ್ಯಕ್ಕೆ ನನ್ನನ್ನೂ ಕರ್ಕೊಂಡು ಮಂಡಿಗೆ ಹೋದ. ಮೂಟೆಗಳ ಮಧ್ಯೆ ಸೀನುತ್ತಾ ಕೂತ್ವಿ.

‘ಕೆಲಸ ಏನು ತಮ್ಮಾ?’ ಅಂದರು. ಇವನು ಆ್ಯಪ್ ತೆಗೆದು ತೋರಿಸಿದ.

‘ಯಾರು ಬಳಸ್ತಾರ ಇದನ್ನ?’

ಇವನು ಹೆಮ್ಮೆಯಿಂದ ಹೆಸರುಗಳನ್ನ ತೋರಿಸಿದ. ಅವರು ಕನ್ನಡಕ ಏರಿಸಿ ಒಂದೊಂದಾಗಿ ಕೇಳಿದರು. ಇವರು ಯಾರು? ನಮ್ಮ ತಾಯಿ. ಇವರು? ಚಿಕ್ಕಮ್ಮ. ಇವರು? ಅತ್ತಿಗೆ. ಇವರು? ಇವನು ನನ್ನ ಕಡೆ ನೋಡಿದ. ಅದು ನಮ್ಮ ಯಜಮಾನರು ಅಂದೆ.

‘ಇದು ಆ್ಯಪ್ ಅಲ್ಲ ತಮ್ಮಾ, ನಿಮ್ಮ ಮನೀ ರೇಷನ್ ಕಾರ್ಡು’ ಅಂದರು. ಆಮೇಲೆ ಫೋನ್ ವಾಪಸ್ ಕೊಟ್ಟು, ‘ನಿಮಗ ಗುರುತು ಪರಿಚಯ ಇಲ್ಲದ ಒಬ್ಬನ್ನ ತೋರಿಸು. ಅವನು ಇದನ್ನ ಬಳಸಿರಬೇಕು, ಬಳಸಿ ಖುಷಿಯಾಗಿರಬೇಕು. ದೀಪಾವಳಿ ತನಕ ಟೈಮ್ ಐತಿ. ಸಿಕ್ಕಿದ್ರ ಮದುವಿ ಮಾತು. ಇಲ್ಲಾಂದ್ರ ಒಂದು ನೌಕರಿ ಹುಡುಕ್ಕೋ, ಆಮೇಲೆ ನೋಡೋಣ’ ಅಂದರು.

ಹೊರಗೆ ಬಂದ ಮೇಲೆ ಹುಡುಗನ ಕಣ್ಣಲ್ಲಿ ನೀರು. ನಾನು ಸಮಾಧಾನ ಮಾಡೋಕೆ ಹೋದರೆ, ‘ಅಕ್ಕಾ, ಇದು ಮೆಣಸಿನಕಾಯಿಗೆ ಬಂದಿದ್ದು’ ಅಂದ.

ತರಕಾರಿ ಗಾಡಿ ಮೇಲೆ ಜಾಹೀರಾತು

ಅಪರಿಚಿತರು ಬೇಕು ಅಂದರೆ ಜಾಹೀರಾತು ಬೇಕು. ಫ್ಲೆಕ್ಸ್ ಹಾಕಿಸೋ ಶಕ್ತಿ ನಮಗಿಲ್ಲ. ನಮ್ಮ ಬೀದಿಗೆ ಬರೋ ತರಕಾರಿಯವನ ಗಾಡಿಯಲ್ಲಿ ಮೈಕ್ ಇದೆಯಲ್ಲ ಅಂತ ಹೊಳೀತು. ನನ್ನ ದನಿಯಲ್ಲೇ ರೆಕಾರ್ಡ್ ಮಾಡಿಕೊಟ್ಟೆ: ‘ಏಣಿ ಬೇಕಾ, ಡ್ರಿಲ್ ಬೇಕಾ, ಒಬ್ಬಟ್ಟಿನ ದೊಡ್ಡ ಕಾವಲಿ ಬೇಕಾ, ಪಕ್ಕದ್ಮನೆ ಆ್ಯಪಲ್ಲಿ ಕೇಳಿ.’ ಅವನು ಅದನ್ನ ತನ್ನ ಟೊಮ್ಯಾಟೊ, ಈರುಳ್ಳಿ, ಬೀನ್ಸಿನ ಹಿಂದೆ ಸೇರಿಸಿಕೊಂಡ.

ಮಾರನೇ ದಿನ ಜನ ನಿಜವಾಗಲೂ ಓಡಿ ಬಂದರು. ನಾನು ಬಾಲ್ಕನಿಯಿಂದ ನೋಡ್ತಾ ಹಿಗ್ಗಿ ಹೀರೆಕಾಯಾದೆ. ಬಂದವರು ಒಬ್ಬರೂ ಫೋನ್ ತೆಗೀಲಿಲ್ಲ, ಗಾಡಿ ಹತ್ತಿರ ನಿಂತು, ‘ಏಣಿ ಎಲ್ಲಪ್ಪಾ?’ ಅಂದರು. ಅವನು ಇಲ್ಲ ಅಂದಿದ್ದಕ್ಕೆ, ‘ಇಲ್ಲದಿದ್ದ ಮೇಲೆ ಯಾಕೆ ಕೂಗ್ತೀಯ?’ ಅಂತ ಬೈದು ಹೋದರು.

ಒಂದು ವಾರದಲ್ಲಿ ಗಾಡಿ ಮೇಲೆ ಒಂದು ಏಣಿ ಬಂತು. ಆಮೇಲೆ ಒಂದು ಡ್ರಿಲ್ಲು. ‘ಏನಪ್ಪಾ ಇದು?’ ಅಂದೆ.

‘ಕೇಳ್ಕೊಂಡು ಬಂದೋರ್ಗೆ ಇಲ್ಲ ಅನ್ನಕಾಗ್ತದಾ ಮೇಡಂ? ಬಾಡಿಗೆಗೆ ಕೊಡ್ತಾ ಇವ್ನಿ, ಸಖತ್ತಾಗಿ ಹೋಗ್ತಾ ಐತೆ’ ಅಂದ. ತೂಕ ಮಾಡಿದ ಬೀನ್ಸಿನ ಮೇಲೆ ಪಾಪ ಅಂತ ಇನ್ನೊಂದು ಹಿಡಿ ಹಾಕಿ, ‘ನೀವೂ ಆ ಆ್ಯಪ್ಪು ಗೀಪ್ಪು ಬಿಟ್ಬುಟ್ಟು ಒಂದು ಗಾಡಿ ತಗೊಳ್ಳಿ ಮೇಡಂ, ನಿಮ್ಮ ವಾಯ್ಸ್ ಚೆನ್ನಾಗೈತೆ’ ಅಂದ.

ದೀಪ ಹಚ್ಚಿದ ಮೇಲೆ

ಅಂತೂ ಇಂತೂ ಒಂದಷ್ಟು ಜನ ಸೇರಿಕೊಂಡರು. ಆದರೆ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಬೆಳಿಗ್ಗೆಯೆಲ್ಲ ಚುರುಕಾಗಿರೋ ಆ್ಯಪ್ ಸಂಜೆ ಆಗ್ತಿದ್ದ ಹಾಗೆ ಮಲಗಿಬಿಡೋದು. ಕೇಳೋರು ಕೇಳ್ತಾನೇ ಇರ್ತಾರೆ, ಕೊಡೋರು ಒಬ್ಬರೂ ಮಾತಾಡಲ್ಲ. ಶುಕ್ರವಾರ ಅಂತೂ ಬೆಳಗಿನಿಂದಲೇ ಮೌನ.

ಹುಡುಗ ಊಟ ನಿದ್ದೆ ಬಿಟ್ಟು ಕೋಡ್ ಜಾಲಾಡಿದ. ಸರ್ವರ್ ಬದಲಾಯಿಸಿದ. ಎಲ್ಲೂ ತಪ್ಪಿಲ್ಲ. ಕೊನೆಗೆ ನಮ್ಮ ಮನೆ ಡೈನಿಂಗ್ ಟೇಬಲ್ ಮೇಲೆ ತಲೆ ಹಿಡ್ಕೊಂಡು ಕೂತಿದ್ದಾಗ ನಮ್ಮತ್ತೆ ಕಾಫಿ ತಂದಿಟ್ಟರು. ಏನಪ್ಪಾ ಸಮಸ್ಯೆ ಅಂತ ಕೇಳಿ, ಎಲ್ಲಾ ಕೇಳಿಸಿಕೊಂಡು, ‘ಅಲ್ರೋ, ದೀಪ ಹಚ್ಚಿದ ಮೇಲೆ ಮನೆ ಸಾಮಾನು ಯಾರಾದ್ರೂ ಹೊರಗೆ ಕೊಡ್ತಾರಾ? ಅದೂ ಶುಕ್ರವಾರ?’ ಅಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯಲ್ಲೂ ಕೊಡಲ್ಲ, ಅವನ ಮನೆಯಲ್ಲೂ ಕೊಡಲ್ಲ. ಆ್ಯಪ್ ಬರೆಯುವಾಗ ಮಾತ್ರ ಇಬ್ಬರಿಗೂ ಅದು ತೋಚಿರಲಿಲ್ಲ. ಅವತ್ತೇ ‘ದೀಪ ಹಚ್ಚಾಯ್ತು, ನಾಳೆ ಬೆಳಿಗ್ಗೆ ಕೊಡ್ತೀವಿ’ ಅನ್ನೋ ಒಂದು ಬಟನ್ ಹಾಕಿದೆವು. ಜನ ಒತ್ತಿದ್ದೇ ಒತ್ತಿದ್ದು. ನಮ್ಮ ಆ್ಯಪಿನಲ್ಲಿ ಅಷ್ಟು ಜನಪ್ರಿಯವಾದ ಬಟನ್ ಇನ್ನೊಂದಿಲ್ಲ.

ಆಗ ಬಿಟಿಎಂ ಲೇಔಟಿನಿಂದ ಯಾರೋ ಒಬ್ಬರು, ನಾವು ಕಂಡು ಕೇಳರಿಯದವರು, ನಮ್ಮ ಬಗ್ಗೆ ಎರಡು ಸಾಲು ಬರೆದಿದ್ದು ಬಂತು. ಅಪರಿಚಿತ ಸಿಕ್ಕಿದ ಅಂತ ಹುಡುಗ ಓದೋಕೂ ಕಾಯದೆ ಅದನ್ನ ಮಂಡಿಯ ಭಾವೀ ಮಾವನಿಗೆ ಕಳಿಸಿಬಿಟ್ಟ. ಅವರು ಫೋನ್ ಮಾಡಿ ತಾವೇ ಓದಿ ಹೇಳಿದರು: ‘ಈ ಆ್ಯಪಿಗೆ ಸಂಜೆ ರಜೆ, ಶುಕ್ರವಾರ ರಜೆ, ಅಮಾವಾಸ್ಯೆಗೆ ರಜೆ. ಇದಕ್ಕಿಂತ ಸರ್ಕಾರಿ ಆಫೀಸೇ ವಾಸಿ.’ ಓದಿ ಮುಗಿಸಿ, ‘ಪರಿಚಯ ಇಲ್ಲ, ಒಪ್ಪಿದೆ. ಖುಷಿ ಎಲ್ಲೈತಿ ತಮ್ಮಾ?’ ಅಂದರು.

ಶುಭೋದಯ ಅಂಕಲ್

ಜೆ.ಪಿ. ನಗರದ ಪಾರ್ಕಿನಲ್ಲಿ ಬೆಳಿಗ್ಗೆ ನಗೆಕೂಟ ಸೇರುತ್ತೆ. ಅಲ್ಲಿ ಐದು ನಿಮಿಷ ಮಾತಾಡೋಕೆ ಅವಕಾಶ ಕೇಳಿಕೊಂಡೆವು. ನಾನು ಏಣಿ ಅಂದರೆ ನಕ್ಕರು, ಡ್ರಿಲ್ ಅಂದರೆ ನಕ್ಕರು, ಎರವಲು ಅಂದಾಗ ಎರಡೂ ಕೈ ಮೇಲೆತ್ತಿ ನಕ್ಕರು. ಇಷ್ಟು ಒಳ್ಳೇ ಸಭಿಕರು ನನಗೆ ವಿಮಾ ಕಂಪನಿಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಎಲ್ಲಾ ಮುಗಿದ ಮೇಲೆ ಒಬ್ಬ ರಿಟೈರ್ಡ್ ಅಂಕಲ್ ಬಂದು, ‘ನನಗೆ ಹಾಕ್ಕೊಡಿ, ಏಣಿ ಬೇಕಾಗಿದೆ’ ಅಂದರು. ಫೋನಿನಲ್ಲಿ ಜಾಗವೇ ಇಲ್ಲ. ತುಂಬಾ ಶುಭೋದಯದ ಚಿತ್ರಗಳು. ಗುಲಾಬಿ ಹೂವು, ಕಾಫಿ ಲೋಟ, ಸೂರ್ಯ, ಗಿಳಿ. ‘ಅಳಿಸ್ಲಾ ಅಂಕಲ್?’ ಅಂದ ಹುಡುಗ. ಅವರು ಏನಂದುಕೊಂಡರೋ, ಹೂಂ ಅಂದರು. ಇವನು ಎಲ್ಲಾ ಗುಡಿಸಿ ಹಾಕಿ ನಮ್ಮ ಆ್ಯಪ್ ಹಾಕಿಕೊಟ್ಟ. ಅವತ್ತೇ ಅಂಕಲ್‌ಗೆ ಏಣಿ ಸಿಕ್ಕಿತು, ಭಾರಿ ಖುಷಿಯಾದರು.

ಮಾರನೇ ಬೆಳಿಗ್ಗೆ ಅವರು ಯಾರಿಗೂ ಶುಭೋದಯ ಕಳಿಸಲಿಲ್ಲ. ಕಳಿಸೋಕೆ ಚಿತ್ರವೇ ಇರಲಿಲ್ಲ. ಎಷ್ಟೋ ವರ್ಷದಿಂದ ಒಂದು ದಿನ ತಪ್ಪಿಸದ ಮನುಷ್ಯ. ಹಾಲಿನವನು ಹೋಗೋ ಹೊತ್ತಿಗೆ ಅರ್ಧ ನಗೆಕೂಟ ಅವರ ಗೇಟ್ ಮುಂದೆ ತಲೆ ತಗ್ಗಿಸಿಕೊಂಡು ನಿಂತಿತ್ತು. ಅಂಕಲ್ ಏಣಿ ಮೇಲಿನಿಂದ, ‘ಏನ್ರಪ್ಪಾ ಎಲ್ಲಾ ಬಂದ್ಬಿಟ್ರಿ?’ ಅಂದಾಗ ಒಬ್ಬರು ಹಾರ ಬೆನ್ನ ಹಿಂದೆ ಮರೆಮಾಡಿದರಂತೆ.

ಏನೇ ಆಗಲಿ, ಬಳಸಿದ್ದಾರೆ, ಖುಷಿಯಾಗಿದ್ದಾರೆ. ಹುಡುಗ ಅಂಕಲ್‌ನ ಸ್ಕೂಟರ್ ಮೇಲೆ ಕೂರಿಸಿಕೊಂಡು ಮಂಡಿಗೇ ಹೋದ. ಮಾವನವರು ಎಲ್ಲಾ ಕಥೆ ಕೇಳಿ, ಅಂಕಲ್‌ಗೆ ಕಾಫಿ ತರಿಸಿಕೊಟ್ಟು, ‘ಇವರ ಫೋನಿನ ಫೋಟೋ ಅಳಿಸೋವಷ್ಟು ಸಲಿಗಿ ಐತಿ. ಇವರು ಎಂಥಾ ಅಪರಿಚಿತರು ತಮ್ಮಾ?’ ಅಂತ ವಾಪಸ್ ಕಳಿಸಿದರು.

ಬೇವಿನಮರದ ಮನೆ

ದೀಪಾವಳಿ ಹತ್ತಿರ ಬಂತು. ಹುಡುಗ ನೌಕರಿಗೆ ಅರ್ಜಿ ಹಾಕೋಕೆ ಶುರು ಮಾಡಿದ್ದ. ನಾನೇ ಕೂತು ತಿದ್ದಿಕೊಟ್ಟೆ. ಇಷ್ಟು ದಿನ ಜೊತೆಗೆ ಹಿಟ್ಟು ಮೆತ್ತಿಕೊಂಡು ಕೆಲಸ ಮಾಡಿದವನು.

ಅಂಥಾ ಹೊತ್ತಲ್ಲಿ ನಮಗೊಂದು ಮೊಂಡು ಗಿರಾಕಿ ಗಂಟುಬಿತ್ತು. ಆ್ಯಪಿನಲ್ಲಿ ಪೂರ್ತಿ ವಿಳಾಸ ಕಾಣೋದಿಲ್ಲ, ಮನೆಯ ಗುರುತು ಮಾತ್ರ. ಇವರದ್ದು ‘ಬನಶಂಕರಿ, ಬೇವಿನಮರದ ಮನೆ’, ಹೆಸರು ಯಾರೋ ಹೆಂಗಸಿನದು. ಕೋಣನಕುಂಟೆಯ ಒಬ್ಬ ಆಂಟಿಯಿಂದ, ಅವರ ಅತ್ತೆಯ ಹೆಸರು ಕೆತ್ತಿದ್ದ ಒಂದು ಭಾರಿ ಹಿತ್ತಾಳೆ ಪಾತ್ರೆ ತಗೊಂಡಿದ್ದರು. ಆ ಆಂಟಿಯ ಮನೆಯವರು ಹಿಂದೆ ಬೇಸಾಯ ಮಾಡ್ತಿದ್ದಾಗ ಕೊಯ್ಲಿನ ಆಳುಗಳಿಗೆಲ್ಲ ಅದರಲ್ಲೇ ಅಡುಗೆ. ಈಗ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳು, ಪಾತ್ರೆ ಅಟ್ಟದ ಮೇಲೆ. ಸುಮ್ಮನೆ ಇರೋದು ಯಾರಿಗಾದ್ರೂ ಆಗ್ಲಿ ಅಂತ ಕೊಟ್ಟಿದ್ದರು.

ಪಾತ್ರೆ ವಾಪಸ್ ಬರಲೇ ಇಲ್ಲ. ವಾರಗಳಾದವು. ಆಂಟಿ ಏನೂ ಅನ್ನಲಿಲ್ಲ, ಆದರೆ ನಮ್ಮ ಹುಡುಗನಿಗೆ ತಡೀಲಿಲ್ಲ. ಮೊದಲು, ‘ದಯವಿಟ್ಟು ಪಾತ್ರೆ ಹಿಂದಿರುಗಿಸಿ’ ಅಂತ ಬರೆದ. ಆಮೇಲೆ, ‘ದೊಡ್ಡವರಾಗಿ ಹೀಗೆ ಮಾಡೋದು ನಿಮಗೆ ಶೋಭೆಯಲ್ಲ.’ ಮೂರನೇದು, ‘ಹಿತ್ತಾಳೆ ತಿಂದರೆ ಅರಗಲ್ಲ ತಾಯಿ.’ ಇದನ್ನ ದಿನಾ ಮಧ್ಯಾಹ್ನ ತಾನೇ ಹೋಗೋ ಹಾಗೆ ಮಾಡಿಟ್ಟ. ನಾನು ಬೇಡ ಅಂದೆ, ಕೇಳಲಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ಮಾವನವರಿಂದ ಕರೆ. ಮನೆಗೇ ಬರ್ರಿ ಅಂದರು. ಅಲ್ಲೀವರೆಗೆ ಮಂಡಿಗೆ ಹೋಗಿದ್ದೆವೇ ಹೊರತು ಮನೆ ನೋಡಿರಲಿಲ್ಲ. ಹೋದರೆ ಗೇಟಿನ ಪಕ್ಕ ದೊಡ್ಡ ಬೇವಿನಮರ. ಹುಡುಗ ಸ್ಕೂಟರ್ ಸ್ಟ್ಯಾಂಡ್ ಹಾಕೋದನ್ನೇ ಮರೆತ, ಅದು ಪಕ್ಕಕ್ಕೆ ಉರುಳಿತು. ಒಳಗೆ ಹಾಲ್ ಮಧ್ಯದಲ್ಲಿ ಹಿತ್ತಾಳೆ ಪಾತ್ರೆ. ಅದರ ಕಂಠದ ಮೇಲೆ ಕೋಣನಕುಂಟೆ ಆಂಟಿಯ ಅತ್ತೆಯ ಹೆಸರು ಕೆತ್ತಿದ್ದು ಬಾಗಿಲಿಗೇ ಕಾಣ್ತಿತ್ತು.

ಮಾವನವರು ಹೆಂಡತಿ ಮನೆಯಲ್ಲೇ ಬಿಟ್ಟುಹೋಗಿದ್ದ ಹಳೇ ಫೋನ್ ಹಿಡಿದು ಮೂರೂ ಮೆಸೇಜನ್ನ ನಿಧಾನವಾಗಿ, ಒಂದಕ್ಷರ ಬಿಡದೆ ಓದಿದರು. ಹುಡುಗ ನೆಲ ನೋಡ್ತಾ ನಿಂತ.

‘ನೀ ಅಪರಿಚಿತನ್ನ ಹುಡುಕೋದು ನೋಡಿ ನೋಡಿ ಸಾಕಾಗಿ ನಾನೇ ಅಪರಿಚಿತ ಆದೆ’ ಅಂದರು. ‘ಮನಿಯಾಕಿ ಹೆಸರಲ್ಲಿ ಸೇರಿ ಒಂದು ಪಾತ್ರಿ ಕೇಳಿದೆ. ಮುಖ ನೋಡದ ಆಯಮ್ಮ ಆಟೋದಾಗ ಕಳಿಸಿಕೊಟ್ರು. ಬಹಳ ಖುಷಿ ಆತು.’

‘ಮತ್ತೆ ವಾಪಸ್ ಯಾಕೆ ಕೊಡಲಿಲ್ಲ ಸಾರ್?’ ಅಂತ ನಾನೇ ಕೇಳಿದೆ.

‘ತಗೊಂಡ ಪಾತ್ರಿ ಖಾಲಿ ಕೊಡಕ ಆಗ್ತದೇನ್ರೀ ಅಕ್ಕಾರ? ಒಳಗ ಏನರ ಹಾಕಿ ಕೊಡಬೇಕು. ಮನಿಯಾಕಿ ದೊಡ್ಡ ಮಗಳ ಬಾಣಂತನಕ್ಕ ಪುಣೆಗೆ ಹೋಗ್ಯಾಳ, ಚಿಕ್ಕಾಕಿನೂ ಜೊತಿಗೆ. ನನಗ ಚಹಾ ಬಿಟ್ರ ಏನೂ ಮಾಡಾಕ ಬರಂಗಿಲ್ಲ. ಒಂದು ಡಬ್ಬಿ ಸಕ್ಕರಿ ಹಾಕಿ ನೋಡಿದೆ, ತಳದಾಗ ಕಾಣಲೇ ಇಲ್ಲ. ಮನಿ ತುಂಬಾ ಇರೋದು ಮೆಣಸಿನಕಾಯಿ. ಪಾತ್ರಿ ತುಂಬಾ ಮೆಣಸಿನಕಾಯಿ ಕೊಟ್ರ ಎರಡೂ ಮನಿಗೆ ಜಗಳ ಹತ್ತೋದಿಲ್ಲೇನ್ರೀ?’

ನನಗೆ ನಗು ಬಂತು, ಹುಡುಗನ ಮುಖ ನೋಡಿ ನುಂಗಿಕೊಂಡೆ. ಅವನು, ‘ತಪ್ಪಾಯ್ತು ಸಾರ್, ನೀವು ಅಂತ ಗೊತ್ತಿದ್ರೆ ಖಂಡಿತ ಹಂಗೆ ಬರೀತಿರಲಿಲ್ಲ’ ಅಂದ.

‘ಗೊತ್ತಿಲ್ಲದ್ದಕ್ಕೇ ನಿನ್ನ ಬುದ್ಧಿ ಕಂಡದ್ದು’ ಅಂದರು ಮಾವ. ‘ಕೊಟ್ಟದ್ದನ್ನ ವಾಪಸ್ ಕೇಳಾಕ ನಮ್ಮ ಮನಿತನದಾಗ ಒಬ್ಬರಿಗೂ ಬಾಯಿಲ್ಲ. ನನಗೂ ಇಲ್ಲ. ಬೇರೆಯವರ ಪಾತ್ರಿಗೆ ಇಷ್ಟು ಬೆನ್ನು ಹತ್ತೋ ಹುಡುಗ ಮಂಡಿಗೂ ಬೇಕು, ಮನಿಗೂ ಬೇಕು. ಆ್ಯಪು ನಡಸ್ಕೊಂಡು ಹೋಗು, ಮದುವಿ ಮಾಡಿಕೊಡ್ತೀನಿ.’ ಹುಡುಗ ಅವರ ಕಾಲಿಗೆ ಬೀಳೋಕೆ ಹೋಗಿ ಪಾತ್ರೆಗೆ ಹಣೆ ಹೊಡೆಸಿಕೊಂಡ.

ಕಾರ್ತಿಕದಲ್ಲಿ ನಿಶ್ಚಿತಾರ್ಥ ಆಯಿತು. ಕೋಣನಕುಂಟೆ ಆಂಟಿಯನ್ನೂ ಕರೆದಿದ್ದರು. ಊಟ ಆದ ಮೇಲೆ ಮಾವನವರು ನಾಲ್ಕು ಜನರ ಕೈಯಲ್ಲಿ ಆ ಪಾತ್ರೆ ಹೊರಿಸಿಕೊಂಡು ಬಂದು ಆಂಟಿ ಮುಂದೆ ಇಳಿಸಿದರು. ಕಂಠದವರೆಗೂ ಬೂಂದಿ ಲಾಡು. ಅದೇ ಹೊತ್ತಿಗೆ ಅವರ ಹೆಂಡತಿಯ ಕೈಲಿದ್ದ ಆ ಹಳೇ ಫೋನ್ ಟಿಂಗ್ ಅಂತು. ನಮ್ಮ ಹುಡುಗ ಆ ಮೆಸೇಜ್ ನಿಲ್ಲಿಸೋದನ್ನ ಮರೆತೇಬಿಟ್ಟಿದ್ದ.

ಮಾವನವರು ಫೋನ್ ಇಸ್ಕೊಂಡು, ಕನ್ನಡಕ ಏರಿಸಿ, ಹಿತ್ತಾಳೆ ಅರಗದ ಸಂಗತಿಯನ್ನ ಇನ್ನೊಮ್ಮೆ ಓದಿಕೊಂಡರು. ಆಮೇಲೆ ಅಳಿಯನ ಕಡೆ ತಿರುಗಿ ಹೇಳಿದರು: ‘ತಮ್ಮಾ, ಈ ಪಾತ್ರಿ ತುಂಬಸಾಕ ನನ್ನ ಮಗಳ ನಿಶ್ಚಯಾನೇ ಮಾಡಬೇಕಾತು. ಇನ್ನಾದ್ರೂ ನಿನ್ನ ಮಷಿನ್‌ಗೆ ಸುಮ್ಮನಿರು ಅಂತ ಹೇಳು.’