ನಮ್ಮ ವಠಾರ ನೆದರ್ಲೆಂಡ್ಸ್‌ಗೆ ಹೋದದ್ದು

ಬೈಯಪ್ಪನಹಳ್ಳಿಯ ನಮ್ಮ ವಠಾರದಲ್ಲಿ ಆರು ಮನೆಗಳಿಗೆ ಒಂದೇ ವೈಫೈ. ಅದರ ಡಬ್ಬಿ ಇರುವುದು ನಮ್ಮ ಮನೆಯ ಗೂಡಿನಲ್ಲಿ. ಹೀಗಾಗಿ ವಠಾರದ ಇಂಟರ್‌ನೆಟ್ ಖಾತೆಯ ಸಚಿವ ನಾನೇ! ಯಾರ ಮನೆಯಲ್ಲಿ ಏನು ನಿಂತರೂ ಡಬ್ಬಿ ಆಫ್ ಮಾಡಿ ಆನ್ ಮಾಡುತ್ತೇನೆ. ಅದುವರೆಗೆ ಅಷ್ಟು ವಿದ್ಯೆಯೇ ಸಾಕಾಗಿತ್ತು.

ಆ ಭಾನುವಾರ ಸಂಜೆ ಏಳಕ್ಕೆ ನನ್ನ ಹೆಂಡತಿ ಮಹಾದೇವಿಯ ಅಣ್ಣನ ಮಗಳು ಸುಮಾ ಹಾಡಿನ ಸ್ಪರ್ಧೆಯಲ್ಲಿ ಹಾಡುವವಳಿದ್ದಳು. ಆ್ಯಪ್‌ನಲ್ಲಿ ಮಾತ್ರ ನೇರ ಪ್ರಸಾರ. ಮಹಾದೇವಿ ಇಡೀ ವಠಾರವನ್ನು ಕರೆದು, ಒಂದು ಬುಟ್ಟಿ ಮಂಡಕ್ಕಿ ಸೂಸಲ ಮಾಡಿಟ್ಟಿದ್ದಳು. ರಾಯಚೂರು ಬಿಟ್ಟು ಬಂದ ಮೇಲೆ ತವರಿನ ಹೆಮ್ಮೆ ತೋರಿಸಲು ಅವಳಿಗೆ ಸಿಕ್ಕ ಮೊದಲ ಅವಕಾಶ ಅದು.

ಏಳಕ್ಕೆ ಐದು ನಿಮಿಷವಿದ್ದಾಗ ಟಿವಿ ಹಾಕಿದೆ. "ಈ ಕಾರ್ಯಕ್ರಮ ನೀವಿರುವ ದೇಶದಲ್ಲಿ ಲಭ್ಯವಿಲ್ಲ" ಎಂದು ಬಂತು.

"ನಾವು ಯಾವ ದೇಶದಾಗ ಅದೀವ್ರಿ?" ಎಂದಳು ಮಹಾದೇವಿ.

"ಟಿವಿಗಿ ಸ್ವಲ್ಪ ಗೊಂದಲ ಆಗೇದ" ಎಂದೆ. ಗೊಂದಲವಾಗಿದ್ದು ನನಗೆ!

ಡಬ್ಬಿ ಆಫ್ ಮಾಡಿ ಆನ್ ಮಾಡಿದೆ. ಜಗ್ಗಲಿಲ್ಲ. ಆ್ಯಪನ್ನೇ ಅಳಿಸಿ ಮತ್ತೆ ಹಾಕಿದೆ. ಅದು ಪಾಸ್‌ವರ್ಡ್ ಕೇಳಿತು. ಯಾವ ಪಾಸ್‌ವರ್ಡ್? ಪಕ್ಕದ ಮನೆಯ ಸೆಲ್ವಿ ಅಕ್ಕ, "ನಮ್ ಟಿವಿನೂ ಹಂಗೇ ಹೇಳ್ತದೆ ಸಾರ್" ಎಂದರು. ಓಡಿಹೋಗಿ ಅವರ ಆ್ಯಪನ್ನೂ ಅಳಿಸಿ ಬಂದೆ. ವಠಾರದಲ್ಲಿ ಸಮಾನತೆ ಇರಬೇಕಲ್ಲ!

"ಸಾರ್, ವೈಫೈ ಆಫ್ ಮಾಡ್ಬಿಟ್ಟು ನನ್ ಫೋನಲ್ಲೇ ನೋಡ್ಬೋದಲ್ವಾ?"

"ಅಕ್ಕಾ, ಇದು ಟೆಕ್ನಿಕಲ್ ವಿಷಯ. ನೀವು ಸುಮ್ನಿರಿ."

ಅವರು ಫೋನ್ ಹಿಡಿದು ಹೊರಗೆ ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನಾನು ಗಮನಿಸಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ದೆ.

"ಸರ್, ನೀವು ನೆದರ್ಲೆಂಡ್ಸ್‌ನಲ್ಲಿದ್ದೀರಿ."

"ಇಲ್ಲ ಮೇಡಂ, ಬೈಯಪ್ಪನಹಳ್ಳೀಲಿದ್ದೀನಿ! ಬೇಕಾದ್ರೆ ಮೆಟ್ರೋ ಸದ್ದು ಕೇಳಿ!" ಫೋನನ್ನು ಕಿಟಕಿಯಾಚೆ ಹಿಡಿದೆ. ಮೆಟ್ರೋ ಬರಲಿಲ್ಲ.

"ಸರ್, ವಿಪಿಎನ್ ಏನಾದ್ರೂ ಹಾಕಿದ್ದೀರಾ?"

ಆಗ ನೆನಪಾಯಿತು. ಶುಕ್ರವಾರ ಆಫೀಸಿನ ಗೆಳೆಯ, "ವಿಪಿಎನ್ ಹಾಕು ಮಗಾ, ನೀನು ಫಾರಿನ್‌ನಲ್ಲಿದ್ದೀಯ ಅಂತ ತೋರಿಸುತ್ತೆ, ಮ್ಯಾಚ್ ಫ್ರೀ" ಎಂದಿದ್ದ. ಎಲ್ಲರಿಗೂ ಉಪಯೋಗವಾಗಲಿ ಎಂಬ ಉದಾತ್ತ ಭಾವನೆಯಿಂದ ಅದನ್ನು ಡಬ್ಬಿಗೇ ಹಾಕಿದ್ದೆ. ತೆಗೆಯುವುದು ಮರೆತಿತ್ತು. ಎರಡು ದಿನದಿಂದ ಆರು ಸಂಸಾರಗಳನ್ನು ವೀಸಾ ಇಲ್ಲದೆ ಪರದೇಶದಲ್ಲಿ ಇಟ್ಟಿದ್ದೆ!

ತಕ್ಷಣ ತೆಗೆದುಹಾಕಿದೆ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹೊಸ ಪಾಸ್‌ವರ್ಡ್ ಹಾಕಿದೆ. ಕಾರ್ಯಕ್ರಮ ಬಂತು! "ಬರ್ರಿ ಎಲ್ಲಾರೂ!" ಎಂದು ಕೂಗುವಷ್ಟರಲ್ಲಿ ಹೊರಗೆ ಚಪ್ಪಾಳೆ ಕೇಳಿಸಿತು. ಇಡೀ ವಠಾರ ಸೆಲ್ವಿ ಅಕ್ಕನ ಫೋನಿನ ಸುತ್ತ ನಿಂತಿತ್ತು. ಮಹಾದೇವಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಹಾಡಿದಳಾ?"

"ಹಾಡಿದಳು. ಹಾಡಾಕ ಧೈರ್ಯ ಕೊಟ್ಟಿದ್ದು ಬೆಂಗಳೂರಿನ ಮಾವ, ಈಗ ಅವರು ಟಿವಿ ಮುಂದ ಕುಂತು ನೋಡ್ಲಿಕತ್ತಾರ ಅಂತ ನಿಮಗ ಕೈ ಮುಗಿದಳು."

"ಅದನ್ನ ಕೇಳಿ ನೀವೆಲ್ಲಾ ಏನಂದ್ರಿ?"

"ಏನನ್ನೋದು? ಆ ಮೇಡಂ ಹೇಳಿದ್ದು ಸ್ಪೀಕರ್‌ದಾಗ ಎಲ್ಲಾರಿಗೂ ಕೇಳಿಸ್ತಲ್ಲ. ಮಾವ ದೇಶದಾಗ ಇಲ್ಲವ್ವ ಅಂದ್ವಿ."