ಕೂರಲಾರದ ಮಾವನ ಮೂರು ಮಂದಿ ಶಾಲೆ

ನಮ್ಮ ಮನೆಯವರನ್ನು ಬಿಟ್ಟು, ನಮ್ಮ ಸೋದರಮಾವ ಕೂತದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ, ಬಬಲೇಶ್ವರದ ಸಂತೆಯಲ್ಲೇ ಸನ್ಮಾನ ಮಾಡಿಸುತ್ತೇನೆ! ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾವ ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಾಸ ಅಕ್ಕನ ಮನೆಯಲ್ಲಿ, ಅಂದರೆ ನಮ್ಮಲ್ಲಿ. ಊಟ ಅಂಗಳದಲ್ಲಿ ಅಡ್ಡಾಡುತ್ತ, ಚಹಾ ಬೀದಿಯಲ್ಲಿ ನಡೆಯುತ್ತ. ಕ್ಷೌರದವನು ಕತ್ತಿ ಹಿಡಿದು ಇವನ ಬೆನ್ನು ಹತ್ತಿದ್ದನ್ನು ಕಂಡು ಪರವೂರಿನವನೊಬ್ಬ ಪೊಲೀಸರನ್ನು ಕರೆಯಲು ಓಡಿದ್ದೂ ಉಂಟು.

ತಿಕೋಟಾಕ್ಕೆ ಹೆಣ್ಣು ನೋಡಲು ಹೋದಾಗಲೂ ಅದೇ ಕಥೆ. ಅವಲಕ್ಕಿ ಬರುವಷ್ಟರಲ್ಲಿ ಹಿತ್ತಲು ಸುತ್ತಿ, ಬಾವಿ ಇಣುಕಿ, ಮಾಳಿಗೆ ಹತ್ತಿ ಇಳಿದಿದ್ದ. ಹೆಣ್ಣಿನ ತಂದೆ ಕಂಗಾಲು!

“ಹುಡುಗಿ ನೋಡಾಕ ಬಂದೀರೇನ್ರಿ, ಮನಿ ಖರೀದಿ ಮಾಡಾಕ ಬಂದೀರಿ?”

ಆ ಸಂಬಂಧ ಅಲ್ಲಿಗೇ ಮುಗಿಯಿತು.

ಇಂಥವನು ಸಂಜೆ ನಮ್ಮ ಪಡಸಾಲೆಯಲ್ಲಿ ಇನ್ನೊಂದು ಶಾಲೆ ನಡೆಸುತ್ತಿದ್ದ. “ಇದರ ತಲಿಗೆ ಏನೂ ಹತ್ತೂದಿಲ್ಲ” ಎಂದು ಉಳಿದ ಮಾಸ್ತರರು ಮನೆಗೆ ಕಳಿಸಿದ ಮಕ್ಕಳಿಗಾಗಿ. ಮಕ್ಕಳು ಎಷ್ಟು ಅಂತೀರಿ? ಮೂರೇ!

“ಮೂರು ಮಂದಿಗೆ ಒಂದು ಸಾಲಿ ಏನೋ ತಮ್ಮಾ?” ಎಂದು ಅವ್ವ ಕೇಳಿದರೆ, “ಮೂರು ಮಂದಿ ಭಾಳ ಆದ್ರು ಅಕ್ಕಾ. ಒಬ್ಬೊಬ್ಬರಿಗೂ ಒಂದೊಂದು ಸಾಲಿ ಬೇಕು!” ಎನ್ನುತ್ತಿದ್ದ.

ಒಬ್ಬನಿಗೆ ಇವನಂತೆಯೇ ಕಾಲು ನಿಲ್ಲದು. ಅವನ ಮಗ್ಗಿ ಜೈನಾಪುರದ ದಾರಿಯಲ್ಲಿ, ಹೆಜ್ಜೆಗೊಂದು ಲೆಕ್ಕ. ಜೈನಾಪುರ ಬರುವಷ್ಟರಲ್ಲಿ ಮಗ್ಗಿಗಳೆಲ್ಲ ಖಾಲಿ. ಹೇಳಲು ಬೇರೇನೂ ಉಳಿಯದೆ ಇಬ್ಬರೂ ಅವನ್ನೇ ತಲೆಕೆಳಗಾಗಿ ಹೇಳುತ್ತ ಮರಳುತ್ತಿದ್ದರು.

ಇನ್ನೊಬ್ಬಳಿಗೆ ಕಣ್ಣು ಮಂಜು. ಅವಳಿಗೆಂದು ಅಂಗಳದಲ್ಲಿ ಜೋಳ ಸುರಿದು ಎಮ್ಮೆಯಷ್ಟು ದೊಡ್ಡ ಅಕ್ಷರ ಬರೆದ. ಅವಳು ಬೆರಳಾಡಿಸುತ್ತ ‘ಅ’ ಮುಗಿಸಿ ‘ಆ’ಕ್ಕೆ ಬರುವಷ್ಟರಲ್ಲಿ ಕೋಳಿಗಳು ‘ಇ’ಯನ್ನು ಪೂರ್ತಿ ತಿಂದು ಮುಗಿಸಿದ್ದವು.

“ಲೇ, ರೊಟ್ಟಿ ಜೋಳ ಅದು!” ಅವ್ವ ಕೂಗಿದಳು.

“ಇರ್ಲಿ ಬಿಡ ಅಕ್ಕಾ, ಕೋಳಿನೂ ಓದಾಕತ್ತಾವ!”

ಮೂರನೆಯವಳು ನನ್ನ ತಂಗಿ. ಎಂಟು ತುಂಬಿದರೂ ಮಾತಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿತ್ತು. ವಿಜಾಪುರದ ಡಾಕ್ಟರು ಕೈಚೆಲ್ಲಿದ್ದರು. ಯಾರು ಹತ್ತಿರ ಸುಳಿದರೂ ಕಣಜದ ಹಿಂದೆ ಅಡಗುತ್ತಿದ್ದಳು. ಅವಳ ಬಾಯಿಂದ ಒಂದೇ ಒಂದು ಮಾತು ಬರಲೆಂದು ಅವ್ವ ಹರಕೆ ಹೊರದ ದೇವರಿರಲಿಲ್ಲ.

ಓಡಾಡುವವರನ್ನು ಕಂಡರೆ ಹುಡುಗಿಗೆ ಭಯ ಎಂದು ಮಾವನಿಗೆ ಹೊಳೆಯಿತು. ಹೊಳೆದದ್ದೇ ತಡ, ಆ ಪುಣ್ಯಾತ್ಮ ಕೂತ! ಕಣಜದ ಎದುರು ಚಕ್ಕಳಮಕ್ಕಳ ಹಾಕಿ, ದಿನಾ ಸಂಜೆ, ತಿಂಗಳುಗಟ್ಟಲೆ. ಪಾಠವಿಲ್ಲ, ಮಾತಿಲ್ಲ. ಹಣೆ ಬೆವರುತ್ತಿತ್ತು, ಕುಣಿಯುವ ಕಾಲ್ಬೆರಳನ್ನು ಕೈಯಿಂದ ಅದುಮಿ ಹಿಡಿಯುತ್ತಿದ್ದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೇ ಎದ್ದು ಓಡಬೇಕೆನಿಸುತ್ತಿತ್ತು. ತಂಗಿ ಮೊದಲು ಇಣುಕಿದಳು. ಆಮೇಲೆ ಹೊರಗೆ ಬಂದಳು. ಎಷ್ಟೋ ದಿನಗಳ ಮೇಲೆ ಅವನ ಮಗ್ಗುಲಲ್ಲಿ ಕೂತಳು.

ಒಂದು ಸಂಜೆ ಅವನ ಮೊಣಕಾಲು ತಡೆಯಲಾರದೆ ನಡುಗತೊಡಗಿತು. ತಂಗಿ ಅದರ ಮೇಲೆ ಕೈಯಿಟ್ಟಳು. ಅವನ ಮುಖವನ್ನೇ ನೋಡಿದಳು.

“ಏಳು ಮಾಮಾ,” ಎಂದಳು.

ಅವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಳು. ಮಾವ ಏಳಲಿಲ್ಲ. ಮುಖ ಮುಚ್ಚಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ತಂಗಿ ಅವನ ಕಾಲು ತಿಕ್ಕುತ್ತ ಕೂತಿದ್ದಳು.