ಪತಂಗದ ಉಪವಾಸ, ಸಿಂಗಳೀಕದ ಕೆನ್ನೆ

ಏಕಾದಶಿಯ ಉಪವಾಸದಲ್ಲಿ ಧಾರೇಶ್ವರದ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲವೆಂಬ ವಿಶ್ವಾಸವು ಎಪ್ಪತ್ತೆರಡನೆಯ ವಯಸ್ಸಿನವರೆಗೂ ನನ್ನಲ್ಲಿ ಅಬಾಧಿತವಾಗಿತ್ತು.

ಅದನ್ನು ಕದಲಿಸಿದ್ದು ಒಂದು ಪತಂಗ. ದಶಮಿಯ ಬೆಳಿಗ್ಗೆ ನಮ್ಮ ತುಳಸಿಕಟ್ಟೆಯ ಮೇಲೆ, ಅಂಗೈಗಿಂತ ಅಗಲವಾದ ಕಂದುಗೆಂಪು ಅಟ್ಲಾಸ್ ಪತಂಗವೊಂದು ಕುಳಿತಿತ್ತು. ರೆಕ್ಕೆಯ ತುದಿಯಲ್ಲಿ ಸಾಕ್ಷಾತ್ ಸರ್ಪದ ಹೆಡೆ! ಭಕ್ತಿಯಿಂದ ಒಂದು ಬಟ್ಟಲು ಹಾಲು ತಂದಿಟ್ಟೆ.

ಬೇಲಿಯಾಚೆಯಿಂದ ಅರಣ್ಯ ಇಲಾಖೆಯ ವಾಚರ್ ಗಣಪು ನಕ್ಕ. "ಭಟ್ರೇ, ಹಾಲು ಎಂತಕ್ಕೆ? ಅದ್ಕೆ ಬಾಯೇ ಇಲ್ಲ. ರೆಕ್ಕೆ ಬಂದ್ಮೇಲೆ ಸಾಯೂವರೆಗೂ ಎಂತದೂ ತಿನ್ನೂದಿಲ್ಲ."

ಕೈಮುಗಿದೆ. ಎಂಥ ತಪಸ್ವಿ! ಮರುದಿನ ಏಕಾದಶಿ, ಸಂಜೆ ಭಜನಾ ಮಂದಿರದಲ್ಲಿ ಉಪವಾಸದ ಮಹಿಮೆ ಕುರಿತು ನನ್ನ ಪ್ರವಚನ. ವಿಷಯ ಅಲ್ಲಿಯೇ ಸ್ಫುರಿಸಿತು. ಇತ್ತ ಪತಂಗ, ಅತ್ತ ಹೊನ್ನಾವರದ ಘಟ್ಟದಲ್ಲಿ ಗಣಪು ಒಮ್ಮೆ ತೋರಿಸಿದ್ದ ಸಿಂಗಳೀಕ. ಕರಿಮೈ, ಮುಖದ ಸುತ್ತ ಬೆಳ್ಳಿಯ ಕೇಸರ, ಋಷಿಯ ಗಾಂಭೀರ್ಯ. ಆದರೆ ಸಿಕ್ಕ ಹಣ್ಣನ್ನೆಲ್ಲ ಕೆನ್ನೆಯ ಚೀಲಕ್ಕೆ ತುರುಕಿಕೊಳ್ಳುವ ಆತುರ!

ಉತ್ಸಾಹದಲ್ಲಿ, ಈ ಸಲ ಪತಂಗದಂತೆ ನೀರನ್ನೂ ಮುಟ್ಟೆನೆಂದು ಊರಿಗೆಲ್ಲ ಸಾರಿದೆ.

"ಪಂಥ ಕಟ್ಟಡಿ" ಎಂದು ತಡೆದಳು ನನ್ನ ಹೆಂಡತಿ. "ಪತಂಗಕ್ಕೆ ಪಿತ್ತ ಇಲ್ಲೆ. ನಿಂಗ್ಳಿಗೆ ಇದ್ದು."

"ಸುಮ್ನಿರೇ ಮಾರಾಯ್ತಿ! ನಾ ಎಂತ ನಿನ್ನೆ ಮೊನ್ನೆ ಉಪಾಸ ಹಿಡಿದವನಾ?"

ಏಕಾದಶಿಯ ಮಧ್ಯಾಹ್ನದವರೆಗೆ ನಾನು ಪತಂಗವೇ ಆಗಿದ್ದೆ. ಮೂರಕ್ಕೆ ಕಣ್ಣು ಕತ್ತಲಿಟ್ಟಿತು. ಐದಕ್ಕೆ ಮಂದಿರದ ಹಿಂದಿನ ಕೋಣೆಯಲ್ಲಿ ಕಾಯುತ್ತಿದ್ದಾಗ, ನೈವೇದ್ಯ ಮುಗಿದು ಹಂಚಲು ಇಟ್ಟಿದ್ದ ಸುಕೇಳಿಯ ತಟ್ಟೆ ಕಂಡಿತು. ಒಣಗಿಸಿದ ಬಾಳೆಹಣ್ಣು, ಜೇನಿನ ಬಣ್ಣ. ಕೈ ನನ್ನ ಅನುಮತಿಗೆ ಕಾಯಲಿಲ್ಲ. ಎರಡು ತುಂಡು ಒಳಗೆ ಹೋದವು!

ಅದೇ ಕ್ಷಣ ಮೈಕು ಮೊಳಗಿತು: "ಹನಿ ನೀರನ್ನೂ ಮುಟ್ಟದ ಭಟ್ಟರು ಈಗ ವೇದಿಕೆಗೆ ಬರಬೇಕು."

ಸುಕೇಳಿ ಅವಸರಕ್ಕೆ ನುಂಗುವ ಪದಾರ್ಥವಲ್ಲ. ಹಲ್ಲಿಗೆ ಅಂಟುತ್ತದೆ. ಎಡಗೆನ್ನೆಗೆ ದೂಡಿಕೊಂಡು ವೇದಿಕೆ ಹತ್ತಿದೆ.

"ಷಿಂಗಳೀಕವು ತನ್ನ ಕೆನ್ನೆಯಲ್ಲಿ..." ಎಂದು ಆರಂಭಿಸಿದೆ. ಸಭೆಯೆಲ್ಲ ನನ್ನ ಕೆನ್ನೆಯನ್ನೇ ನೋಡಿತು. "ಪತಂಗಕ್ಕಾದರೋ ಬಾಯಿಯೇ..." ಎನ್ನುವಷ್ಟರಲ್ಲಿ ಜೊಲ್ಲು ಸುರಿಯಿತು!

ಹೆಂಗಸರ ಸಾಲಿನಿಂದ ಹೆಂಡತಿಯ ಧ್ವನಿ: "ಬಾಯಲ್ಲಿದ್ದದ್ದು ನುಂಗಿಕ್ಕಿ ಮಾತಾಡಿ. ಗಂಟ್ಲಿಗೆ ಸಿಕ್ಕೀತು!"

ನುಂಗಿದೆ. ಆ ಗುಟುಕನ್ನೂ ಮೈಕು ಕಡಲತೀರದವರೆಗೆ ಮುಟ್ಟಿಸಿತು.

ಮರಳುವ ದಾರಿಯಲ್ಲಿ ಗಣಪು ಸಮಾಧಾನ ಹೇಳಿದ. "ಬೇಜಾರು ಮಾಡ್ಬೇಡಿ ಭಟ್ರೇ. ಆ ಪತಂಗನೂ ಹುಳ ಆಗಿದ್ದಾಗ ಜೀವಮಾನಕ್ಕೆ ಸಾಕಾಗೂವಷ್ಟು ಸೊಪ್ಪು ತಿಂದ್ಕಂಡೇ ಉಪಾಸಕ್ಕೆ ಕೂತದ್ದು."

ನಾನು ದಾರಿಯಲ್ಲಿಯೇ ನಿಂತೆ. ಪತಂಗ ಮೊದಲೇ ಉಂಡು ಉಪವಾಸವಿರುತ್ತದೆ. ಸಿಂಗಳೀಕ ತುಂಬಿಕೊಂಡು ನಿಧಾನವಾಗಿ ಉಣ್ಣುತ್ತದೆ. ಎಂಥ ಮುಂದಾಲೋಚನೆ! ಅವೆರಡೂ ಅದನ್ನು ಊರಿಗೆಲ್ಲ ಸಾರುವುದಿಲ್ಲ. ಆ ಎರಡು ಜೀವಗಳಿಗೂ ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

ಮುಂದಿನ ಏಕಾದಶಿಯ ಪ್ರವಚನಕ್ಕೆ ಮಂದಿರದವರು ಗಣಪುವನ್ನು ಕರೆದಿದ್ದಾರೆ. ದೀಪ ಹಚ್ಚುವುದು ನನ್ನ ಪಾಲಿಗೆ ಬಂದಿದೆ. ಅದಕ್ಕೆ ಬಾಯಿಯ ಅಗತ್ಯವಿಲ್ಲವಂತೆ!